ಹೋಗುವ ತಂತಿ, ಬರುವ ತಂತಿ

1996ರಲ್ಲಿ ನಾನು ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟಿ.ವಿ., ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಾವೆಲ್ಲ ಮೈಸೂರು ಜಿಲ್ಲೆಯವರು. ಕಂಪ್ಯೂಟರ್ ಇದ್ದ ಮನೆಗಳು ಅಲ್ಲೊಂದು ಇಲ್ಲೊಂದು. ಅವು ಕೆಟ್ಟರೆ ಮೈಸೂರಿಗೆ ಹೊತ್ತುಕೊಂಡು ಹೋಗಬೇಕಿತ್ತು, ಇಲ್ಲವೇ ನನಗೆ ಹೇಳಿ ಕಳಿಸಬೇಕಿತ್ತು. ನಾನು ಆ ಕೆಲಸವನ್ನು ಯಾರ ಹತ್ತಿರವೂ ಕಲಿತವನಲ್ಲ. ಬಿಚ್ಚಿ ಕಲಿತವನು. ಮ್ಯಾನ್ಯುಯಲ್ ಓದುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಈ ಕಥೆ ನಡೆದದ್ದೇ ಆ ನಗುವಿನಿಂದ.

ಚಾಮರಾಜನಗರದಲ್ಲಿ ಲಲಿತಾ ಮೇಡಂ ಅಂತ ಇಂಗ್ಲಿಷ್ ಉಪನ್ಯಾಸಕಿ ಒಬ್ಬರಿದ್ದರು. ಸಿಂಗಪುರದಲ್ಲಿದ್ದ ಅವರ ತಮ್ಮ ಒಂದು 486 ಕಂಪ್ಯೂಟರನ್ನೂ ಒಂದಷ್ಟು ಅಡ್ವೆಂಚರ್ ಗೇಮ್‌ಗಳ ಫ್ಲಾಪಿಗಳನ್ನೂ ತಂದುಕೊಟ್ಟಿದ್ದರು. ಗುಂಡು ಹಾರಿಸುವ ಆಟಗಳಲ್ಲ ಅವು. ಒಂದು ಕಥೆಯೊಳಗೆ ನಾವೇ ಓಡಾಡಿ, ಸಿಕ್ಕವರನ್ನು ಮಾತಾಡಿಸಿ, ಒಗಟು ಬಿಡಿಸಿ ಮುಂದೆ ಹೋಗಬೇಕು. ಮೇಡಂ ಅವನ್ನು ಕಾದಂಬರಿ ಓದುವ ಹಾಗೆ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಆಡುತ್ತಿದ್ದರು. ಅವರ ಕೊರಗು ಒಂದೇ. ಆಟಕ್ಕೆ ದೊಡ್ಡ ಸಂಗೀತವಿದೆ ಎಂದು ಪುಸ್ತಕದಲ್ಲಿ ಬರೆದಿದೆ, ಇವರ ಕಂಪ್ಯೂಟರಿನಲ್ಲಿ ಮಾತ್ರ ಆಟಿಕೆ ಪೀಪಿಯ ಥರ ಕೀರಲು ದನಿ. ಒಳ್ಳೆಯ ಸಂಗೀತ ಬೇಕಾದರೆ ಹೊರಗಡೆಯಿಂದ ಒಂದು ಮಿಡಿ ವಾದ್ಯ ಜೋಡಿಸಬೇಕಿತ್ತು.

ಮಿಡಿ ಎಂದರೆ ಶಬ್ದವಲ್ಲ, ಅಪ್ಪಣೆ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಎಂಬ ಪಟ್ಟಿ ಮಾತ್ರ ಕಂಪ್ಯೂಟರಿನಿಂದ ಹೋಗುತ್ತದೆ. ಮದುವೆ ಮನೆಯವರು ಭಟ್ಟರಿಗೆ ಅಡುಗೆಯ ಪಟ್ಟಿ ಕೊಡುತ್ತಾರಲ್ಲ, ಹಾಗೆ. ರುಚಿ ಹುಟ್ಟುವುದು ಭಟ್ಟರ ಒಲೆಯಲ್ಲಿ. ಆಟ ಕೇಳುತ್ತಿದ್ದ ಜಪಾನಿನ ಮಿಡಿ ವಾದ್ಯದ ಡಬ್ಬ ಬೆಂಗಳೂರಿನಲ್ಲೂ ಸಿಗಲಿಲ್ಲ. ಆದರೆ ಅದೇ ಕಂಪನಿಯ, ಅದೇ ಭಾಷೆ ಅರ್ಥವಾಗುವ ಒಂದು ಕೀಬೋರ್ಡ್ ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಅದು ಹರವೆಯ ಮಾದೇವನದು. ಮದುವೆಗಳಲ್ಲಿ ಆರ್ಕೆಸ್ಟ್ರಾ ನುಡಿಸುವ ಹುಡುಗ; ಯಾರೋ ಊರು ಬಿಟ್ಟು ಹೋಗುವಾಗ ಮಾರಿದ ಕೀಬೋರ್ಡನ್ನು ಕೊಂಡಿದ್ದ. ಅವನ ಆಂಪ್ಲಿಫೈಯರ್ ಗುಂಯ್ ಅನ್ನುತ್ತಾ ನನ್ನ ಅಂಗಡಿಗೆ ಬಂದಿತ್ತು. ನಾನು ವ್ಯವಹಾರದವನು, ಆಂಪ್ಲಿಫೈಯರ್ ಪುಕ್ಕಟೆ ಮಾಡಿಕೊಡುತ್ತೇನೆ, ಕೀಬೋರ್ಡ್ ಹತ್ತು ದಿನ ನನ್ನ ಹತ್ತಿರ ಇರಲಿ ಎಂದೆ. ಅವನು ಒಪ್ಪಿದ. ಮುಂದಿನ ಮದುವೆ ಭೀಮನಬೀಡಿನಲ್ಲಿ, ಬರುವ ಗುರುವಾರವಲ್ಲ, ಅದರ ಮುಂದಿನ ಗುರುವಾರ. ಅಷ್ಟರೊಳಗೆ ಬೇಕು ಎಂದಷ್ಟೇ ಹೇಳಿದ. ಚೌಕಾಸಿಯಲ್ಲಿ ಗೆದ್ದೆ ಅಂತ ಖುಷಿಯಾಗಿದ್ದೆ.

ಕೇಬಲ್ ನಾನೇ ಮಾಡಿದೆ. ಕಂಪ್ಯೂಟರಿನ ಜಾಯ್‌ಸ್ಟಿಕ್ ಕಿಂಡಿಯಿಂದ ಕೀಬೋರ್ಡಿಗೆ ಎರಡು ಸಾಲು ಬೇಕು: ಒಂದು ಹೋಗುವುದು, ಇನ್ನೊಂದು ಬರುವುದು. ಹೋಗುವ ಸಾಲು ಸುಲಭ. ಬರುವ ಸಾಲಿಗೆ ಆಪ್ಟೋಕಪ್ಲರ್ ಎಂಬ ಸಣ್ಣ ಐ.ಸಿ. ಬೇಕು, ಅದು ಕರೆಂಟನ್ನು ದಾಟಿಸದೆ ಸುದ್ದಿಯನ್ನು ಮಾತ್ರ ದಾಟಿಸುತ್ತದೆ. ಆಟದಿಂದ ವಾದ್ಯಕ್ಕೆ ಹೋದರೆ ಸಾಕು, ವಾದ್ಯದಿಂದ ವಾಪಸ್ ಬರಲು ಏನಿದೆ ಎಂದುಕೊಂಡು ಆ ಸಾಲನ್ನು ಬಿಟ್ಟೆ.

ಮೊದಲ ಭಾನುವಾರ ಮೇಡಂ ಮನೆಯಲ್ಲಿ ಆಟ ಕಪ್ಪು ಪರದೆಯಲ್ಲೇ ನಿಂತುಬಿಟ್ಟಿತು. ಆಟ ವಾದ್ಯವನ್ನು ಹುಡುಕುತ್ತಿದ್ದ ವಿಳಾಸ 330. ಕಂಪ್ಯೂಟರಿನೊಳಗೆ ಸದ್ದಿನ ಕೆಲಸ ನೋಡುವ ಸೌಂಡ್ ಕಾರ್ಡ್ ಕೂತಿದ್ದದ್ದು 300ರಲ್ಲಿ. ಕಾರ್ಡಿನ ಮೇಲೆ ಜಂಪರ್ ಎಂಬ ಜೋಳದ ಕಾಳಿನಷ್ಟು ಟೊಪ್ಪಿ ಇರುತ್ತದೆ. ಅದನ್ನು ಮುಳ್ಳಿನಂಥ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಹಾಕಿದೆ. ಆಟ ಶುರುವಾಯಿತು, ಸದ್ದಿಲ್ಲ. ಬುಧವಾರ ಮತ್ತೆ ಹೋದೆ. ಕೀಬೋರ್ಡಿನ ಸಣ್ಣ ಪರದೆಯ ಮೇಲೆ ‘ಮೆಮೊರಿ ಪ್ರೊಟೆಕ್ಟೆಡ್’ ಎಂದು ಬರುತ್ತಿತ್ತು. ಫ್ಯೂಸ್ ಹೋದ ಮನೆಗೆ ಬಂದವನು ಮೇನ್ ಸ್ವಿಚ್ ಎತ್ತುವ ಹಾಗೆ ಆ ರಕ್ಷಣೆಯನ್ನು ತೆಗೆದುಹಾಕಿದೆ.

ಮೇಡಂ ಆಟದ ಪುಸ್ತಕ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. “ಆಟ ಶುರುವಾಗುವಾಗ ತನ್ನದೇ ಸೌಂಡುಗಳನ್ನ ವಾದ್ಯದೊಳಗೆ ಕಳಿಸುತ್ತೆ ಅಂತ ಇಲ್ಲಿ ಬರ್ದಿದೆ. ಅದರಲ್ಲಿ ಮೊದಲು ಇದ್ದದ್ದು ಏನಾಗುತ್ತೆ?”

“ಏನೂ ಆಗಲ್ಲ ಮೇಡಂ, ಸೌಂಡ್ ಬರುತ್ತೆ ಅಷ್ಟೆ” ಎಂದೆ.

ಸೌಂಡ್ ಬಂತು. ಕೀಬೋರ್ಡಿನ ಪರದೆಯ ಮೇಲೆ ಆಟದವರು ಕಳಿಸಿದ ಸ್ವಾಗತದ ಸಾಲು ಮೂಡಿತು. ಕೊಳಲು, ಪಿಟೀಲು, ದೂರದಲ್ಲೆಲ್ಲೋ ಗಂಟೆ. ಆಟದೊಳಗಿನ ಜೌಗು ನೆಲಕ್ಕೆ ಕಾಲಿಟ್ಟರೆ ಕೆಸರು ಗುಳುಗುಳು ಅನ್ನುವುದೂ ಕೇಳಿಸಿತು. ಮೇಡಂ ಕುರ್ಚಿಯ ಮೇಲೆ ಕೂತು ಕಣ್ಣು ಒರೆಸಿಕೊಂಡರು. ಆರು ತಿಂಗಳು ಓಡಾಡಿದ ಊರು ಇವತ್ತು ಮಾತಾಡಿತು ಎಂದರು. ನಾನು ಎದೆಯುಬ್ಬಿಸಿಕೊಂಡು ಕಾಫಿ ಕುಡಿದು, ಕೀಬೋರ್ಡ್ ಎತ್ತಿಕೊಂಡು ಬಸ್ ಹತ್ತಿದೆ.

ಶನಿವಾರ ಮಾದೇವ ಅಂಗಡಿಗೆ ಬಂದ. ಜೊತೆಗೆ ಅವನ ಅಪ್ಪ ರಂಗಸ್ವಾಮಣ್ಣ. ಎರಡು ತಾಲ್ಲೂಕಿನಲ್ಲಿ ಹೆಸರಾದ ಓಲಗದವರು. ಉಬ್ಬಸ ಬಂದು ಮೂರು ವರ್ಷದಿಂದ ಊದುವುದನ್ನು ಬಿಟ್ಟಿದ್ದರು. ಮಾದೇವ ಕೀಬೋರ್ಡ್ ಹಚ್ಚಿ ಒಂದು ಬಟನ್ ಒತ್ತಿ, ಸ್ವರ ಹಿಡಿದ. ಗುಳುಗುಳು ಎಂದಿತು.

“ಇದೇನ್ಲಾ ಮಾದೇವ, ಕಪ್ಪೆ ಕೂತದೆ ಅದ್ರೊಳ್ಗೆ” ಎಂದರು ರಂಗಸ್ವಾಮಣ್ಣ.

ಮಾದೇವ ನಗಲಿಲ್ಲ. ಮುಂದಿನ ಬಟನ್ ಒತ್ತಿದ, ಬಾಗಿಲು ಕಿರುಗುಟ್ಟಿತು. ಅದರ ಮುಂದಿನದು, ಯಾವುದೋ ಹಕ್ಕಿ. ಆಮೇಲೆ ತಿಳಿಯಿತು: ಮೊದಲ ಬಟನ್ನಿನಲ್ಲಿ ಇದ್ದದ್ದು ಓಲಗ. ಅಪ್ಪ ಉಸಿರು ಕಳೆದುಕೊಂಡ ಮೇಲೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಓಲಗದ ದನಿಯನ್ನೇ ಆ ಕೀಬೋರ್ಡಿನಲ್ಲಿ ಅವನು ಕಟ್ಟಿದ್ದ. ಭೀಮನಬೀಡಿನ ಮದುವೆಯವರು ಇವನನ್ನು ಕರೆದದ್ದೂ ಅದಕ್ಕೇ. ಮದುವೆ ಹುಡುಗಿಯ ತಾಯಿಯ ಧಾರೆಗೆ ಓಲಗ ಊದಿದವರು ರಂಗಸ್ವಾಮಣ್ಣ. ಮಗಳ ಧಾರೆಗೂ ಅದೇ ದನಿ ಬೇಕೆಂದು ಆ ತಾಯಿ ಹಟ ಹಿಡಿದಿದ್ದಳು.

“ಬ್ಯಾಟ್ರಿ ಓಗ್ಬುಟ್ಟದೆ ಅನ್ಸ್ತದೆ ಕಣಣ್ಣಾ” ಎಂದ ಮಾದೇವ, ಬಿಳುಚಿಕೊಂಡು.

ಕೀಬೋರ್ಡ್ ಆರಿಸಿದರೂ ಒಳಗಿನ ದನಿಗಳನ್ನು ಕಾಯುವುದು ಒಂದು ಸಣ್ಣ ಬ್ಯಾಟರಿ. ಆದರೆ ನನಗೆ ನಿಜವಾದ ಕಾರಣ ಹೊಳೆದಾಗಿತ್ತು. ಹೌದು, ಬ್ಯಾಟರಿಯೇ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವನು ನಂಬುತ್ತಿದ್ದ, ಹೊಸ ಬ್ಯಾಟರಿ ಹಾಕಿಸಿಕೊಂಡು ನನಗೇ ಉಪಕಾರವಾಯಿತು ಎಂದು ಹೇಳಿ ಹೋಗುತ್ತಿದ್ದ. ಅಷ್ಟರಲ್ಲಿ ರಂಗಸ್ವಾಮಣ್ಣ ನನ್ನ ಕಡೆ ತಿರುಗಿ, ಮನೆಗೆ ಬಂದ ನೆಂಟನನ್ನು ವಿಚಾರಿಸುವಷ್ಟು ಮೆಲ್ಲಗೆ ಕೇಳಿದರು: “ಅಳ್ಸೋದ್ರೆ ಅದ್ರಲ್ಲಿದ್ದುದ್ದು ಎಲ್ಗೋಯ್ತದೆ ಸ್ವಾಮಿ?”

“ಬ್ಯಾಟರಿಯಲ್ಲ. ನಾನೇ ಅಳಿಸಿಬಿಟ್ಟೆ” ಎಂದೆ.

ನಡೆದದ್ದೆಲ್ಲ ಹೇಳಿದೆ, ಮೇಡಂ ಎಚ್ಚರಿಸಿದ್ದನ್ನೂ ಬಿಡಲಿಲ್ಲ. ಮಾದೇವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆರ್ ತಿಂಗ್ಳು ಕೂತಿದ್ದೊ ಕಣಣ್ಣಾ, ಅಪ್ಪ ನಾನು” ಎಂದಷ್ಟೇ ಹೇಳಿ ಕೀಬೋರ್ಡಿನ ವೈರ್ ಸುತ್ತತೊಡಗಿದ. ಬರುವ ಸಾಲು ಒಂದನ್ನು ಹಾಕಿದ್ದರೆ, ಒಳಗಿದ್ದ ದನಿಗಳನ್ನೆಲ್ಲ ಮೊದಲು ಕಂಪ್ಯೂಟರಿಗೆ ಎಳೆದು ಫ್ಲಾಪಿಯಲ್ಲಿ ಇಡಬಹುದಿತ್ತು. ಉಳಿಸಿದ್ದು ಎರಡು ಊಟದಷ್ಟು ದುಡ್ಡು.

ಭಾನುವಾರ ಬೆಳಿಗ್ಗೆ ಮೂವರೂ ಚಾಮರಾಜನಗರದಲ್ಲಿ ಮೇಡಂ ಮನೆಯ ಬಾಗಿಲಲ್ಲಿ ನಿಂತಿದ್ದೆವು. ನಾಲ್ಕು ದಿನದಲ್ಲಿ ಆ ದನಿ ಮತ್ತೆ ಕಟ್ಟಬೇಕು, ಕಟ್ಟಿದ್ದನ್ನು ಉಳಿಸಿಡಲು ಕಂಪ್ಯೂಟರ್ ಇದ್ದದ್ದು ಅಲ್ಲೇ. ಮಾದೇವನಿಗೆ ಹಳೆಯ ಅಂಕಿಗಳು ನೆನಪಿರಲಿಲ್ಲ. ಮೊದಲ ದಿನವೆಲ್ಲ ವ್ಯರ್ಥ. ನಾನು ಬಟನ್ ಒತ್ತುವುದು, ರಂಗಸ್ವಾಮಣ್ಣ ಅಲ್ಲವೆಂದು ತಲೆಯಾಡಿಸುವುದು.

“ಇದು ಲಾರಿ ಆರ‍್ನು. ಓಲಗ ನೆಟ್ಗೆ ಎದ್ದು ನಿಲ್ಲಕ್ಕಿಲ್ಲ ಕಣಪ್ಪ. ಕೆಳಗಿಂದ ಏರಿ ಬತ್ತದೆ, ಆಮೇಲೆ ನಿಂತ್ಕತದೆ.”

ಸ್ವರ ಒಂಚೂರು ಕೆಳಗೆ ಹುಟ್ಟಿ ಮೇಲೇರುವ ಹಾಗೆ ಮಾಡಿದೆ. ಅದಕ್ಕೆ ಪಿಚ್ ಎನ್ವಲಪ್ ಅನ್ನುತ್ತಾರೆ. ಸ್ವರ ಹುಟ್ಟಿದ ಕ್ಷಣದಿಂದ ಹೇಗೆ ಏರಬೇಕು, ಇಳಿಯಬೇಕು ಎಂಬ ದಾರಿ. ಹತ್ತಿರ ಬಂತು. ಆದರೂ ಅಲ್ಲ, ಅಲ್ಲ ಎಂದರು.

ಸೋಮವಾರ ಅವರು ಬಿಳಿ ಬಟ್ಟೆಯಲ್ಲಿ ಸುತ್ತಿದ ಓಲಗವನ್ನೇ ತಂದರು. ಬಾಯಿಂದ ಹೇಳಿದರೆ ನಿಮಗೆ ತಿಳಿಯುತ್ತಿಲ್ಲ, ಊದಿ ತೋರಿಸುತ್ತೇನೆ ಎಂದರು. ಮಾದೇವ ಬೇಡ ಎಂದು ಕೈ ಹಿಡಿದ. ಅವರು ಕೈ ಬಿಡಿಸಿಕೊಂಡು ಒಂದೇ ಒಂದು ಸ್ವರ ಊದಿದರು. ಊದಿ, ಕೆಮ್ಮಿ, ಗೋಡೆಗೆ ಒರಗಿ ಕೂತರು. ಕಂಪ್ಯೂಟರನ್ನು ಮರೆತು ನಾವೆಲ್ಲ ಅವರ ಎದೆಯನ್ನೇ ನೋಡುತ್ತಿದ್ದೆವು.

ಮೇಡಂ ನೀರು ಕೊಟ್ಟು ನನ್ನ ಕಡೆ ತಿರುಗಿ, ಈ ಕಾರ್ಡಿನಲ್ಲಿ ಮೈಕ್ ಹಾಕಿ ರೆಕಾರ್ಡ್ ಮಾಡಬಹುದು ಎಂದು ಅದರ ಪುಸ್ತಕದಲ್ಲಿದೆಯಲ್ಲ ಎಂದರು. ಈ ಸಲ ಪುಸ್ತಕ ಈಸಿಕೊಂಡು ಪುಟ ಪುಟ ಓದಿದೆ. ಅರ್ಧ ಗಂಟೆ ಬಿಟ್ಟು ರಂಗಸ್ವಾಮಣ್ಣ ಇನ್ನೊಂದೇ ಸಲ ಊದಿದರು, ನಾಲ್ಕು ಸೆಕೆಂಡಿನಷ್ಟು. ಅದನ್ನು ಹಿಡಿದಿಟ್ಟೆ. ಆಮೇಲೆ ಅವರು ಊದಬೇಕಾಗಲಿಲ್ಲ. ಕಂಪ್ಯೂಟರೇ ಊದಿತು, ನೂರಾರು ಸಲ. ಒಂದು ಕಿವಿಯಲ್ಲಿ ಅದು, ಇನ್ನೊಂದರಲ್ಲಿ ಕೀಬೋರ್ಡು. ಗಾಳಿಯ ಸದ್ದು ಎಷ್ಟು, ನಡುಕ ಎಲ್ಲಿಂದ, ಕೊನೆಯಲ್ಲಿ ದನಿ ಹೇಗೆ ಬೀಳಬೇಕು ಎಂದು ಮಾದೇವ ಒಂದೊಂದೇ ಅಂಕಿ ತಿದ್ದುತ್ತಾ ಹೋದ. ಪಾಠ ಮುಗಿಸಿ ಬಂದ ಮೇಡಂ ಆ ಅಂಕಿಗಳನ್ನೆಲ್ಲ ತಮ್ಮ ಆಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಮಂಗಳವಾರ ಮಧ್ಯಾಹ್ನ ರಂಗಸ್ವಾಮಣ್ಣ ತಲೆಯಾಡಿಸುವುದನ್ನು ನಿಲ್ಲಿಸಿದರು.

ಬುಧವಾರ ನಾನು ಬರುವ ಸಾಲನ್ನು ಬೆಸೆದೆ. ಯಾವ ಕೇಬಲ್ಲಿನಲ್ಲಿ ಆ ದನಿ ಅಳಿಸಿಹೋಗಿತ್ತೋ ಅದೇ ಕೇಬಲ್ಲಿನಲ್ಲಿ, ಎದುರು ದಿಕ್ಕಿಗೆ, ಹೊಸ ದನಿ ಕಂಪ್ಯೂಟರಿಗೆ ಬಂದು ಎರಡು ಫ್ಲಾಪಿಯಲ್ಲಿ ಕೂತಿತು. ಒಂದು ಮಾದೇವನಿಗೆ, ಒಂದು ನನ್ನ ಅಂಗಡಿಗೆ. ಮೆಮೊರಿಯ ರಕ್ಷಣೆಯನ್ನು ನನ್ನ ಕೈಯಿಂದಲೇ ಮತ್ತೆ ಹಾಕಿದೆ.

ಗುರುವಾರ ಭೀಮನಬೀಡಿಗೆ ಕರೆಯದಿದ್ದರೂ ಹೋಗಿ ಚಪ್ಪರದ ಕಂಬಕ್ಕೆ ಒರಗಿ ನಿಂತೆ. ಧಾರೆಯ ಹೊತ್ತಿಗೆ ಮಾದೇವ ಮೊದಲ ಬಟನ್ ಒತ್ತಿದ. ಹುಡುಗಿಯ ತಾಯಿ ಒಮ್ಮೆ ತಲೆಯೆತ್ತಿ ಅವನ ಕಡೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಂಗಸ್ವಾಮಣ್ಣ ಮಗನ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಊಟದ ಪಂಕ್ತಿಯಲ್ಲಿ ಅವರ ಪಕ್ಕ ಜಾಗ ಸಿಕ್ಕಿತು. ಮೊದಲಿನ ಹಾಗೇ ಬಂತಾ ಎಂದು ಕೇಳಿದೆ. ಅವರು ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು.

“ಅದಲ್ಲ ಕಣಪ್ಪ. ಮೊದ್ಲಿಂದು ನಾನು ನಲ್ವತ್ತರಲ್ಲಿ ಊದ್ತಿದ್ದಂಗಿತ್ತು. ಇದು ಈಗಿಂದು. ಕೊನೇಲಿ ಒಸಿ ಉಸ್ರು ಕಟ್ತದೆ, ನೋಡ್ದಾ?” ಆಮೇಲೆ ಎಲೆಯ ಕಡೆ ನೋಡಿ ನಕ್ಕರು. “ಇರ್ಲಿ ಬುಡು. ಅದೂ ನಂದೇ ಅಲ್ವಾ.”

ನಾವು ಅವರ ಆ ನಾಲ್ಕು ಸೆಕೆಂಡನ್ನು ಅಕ್ಷರಶಃ ನಕಲು ಮಾಡಿದ್ದೆವು, ಉಬ್ಬಸ ಸಮೇತ.

ಮೂರು ವರ್ಷದ ಮೇಲೆ ಆ ಕೀಬೋರ್ಡಿನ ಬ್ಯಾಟರಿ ನಿಜವಾಗಿಯೂ ಹೋಯಿತು. ಮಾದೇವ ಒಬ್ಬನೇ ಬಂದ. ರಂಗಸ್ವಾಮಣ್ಣ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವನ ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ನನ್ನದು ಚೆನ್ನಾಗಿತ್ತು. ಹೊಸ ಬ್ಯಾಟರಿ ಹಾಕಿ, ಅಷ್ಟು ಹೊತ್ತಿಗೆ ಅಂಗಡಿಗೆ ಬಂದಿದ್ದ ಕಂಪ್ಯೂಟರಿನಿಂದ ದನಿಗಳನ್ನು ಒಳಕ್ಕೆ ಕಳಿಸಿ, ನೋಡು ಎಂದೆ. ಅವನು ಒಂದು ಕೀ ಒತ್ತಿ, ದನಿ ಏರಿ, ನಿಂತು, ಕೊನೆಯಲ್ಲಿ ಉಸಿರು ಕಟ್ಟುವವರೆಗೂ ಬೆರಳು ತೆಗೆಯಲಿಲ್ಲ.

ನನ್ನ ಕೆಲಸಕ್ಕೆ ಬರುವ ಹುಡುಗರಿಗೆಲ್ಲ ನಾನು ಹೇಳುವುದು ಇಷ್ಟೆ. ಯಂತ್ರ ಬಿಚ್ಚುವ ಮೊದಲು ಏನು ಕೆಟ್ಟಿದೆ ಎಂದು ಕೇಳಬೇಡಿ, ಇದರೊಳಗೆ ನಿಮ್ಮದು ಏನಿದೆ ಎಂದು ಕೇಳಿ. ಪುಸ್ತಕ ಓದಿದವರು ಪಕ್ಕದಲ್ಲಿದ್ದರೆ ಅವರ ಮಾತಿಗೆ ನಿಲ್ಲಿ. ಮತ್ತೆ, ಹೋಗುವ ಸಾಲು ಬೆಸೆದ ದಿನವೇ ಬರುವ ಸಾಲನ್ನೂ ಬೆಸೆದುಬಿಡಿ. ಚೌಕಾಸಿ ಮಾಡಲು ಅಂಗಡಿಯಲ್ಲಿ ಬೇರೆ ಬೇಕಾದಷ್ಟಿದೆ.