ಸೋಂಪಿಲ್ಲದ ಸಾರು

ಇವತ್ತು ಬೆಳಗ್ಗೆ ಸೋಂಪು ಹುರಿಯುವಾಗ ಎದ್ದ ಘಮಕ್ಕೆ ಕಿಕ್ಕೇರಿಯ ನಮ್ಮ ಹಳೇ ಅಡುಗೆಮನೆ ಕಣ್ಮುಂದೆ ಬಂತು.

ಅಪ್ಪ ತೀರಿಹೋದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ಅಪ್ಪನ ಎಡೆಗೆ ಅವ್ವ ಬಾಡಿನ ಸಾರು ಮಾಡುತ್ತಿದ್ದಳು. ಒರಳುಕಲ್ಲಿನಲ್ಲಿ ಮಸಾಲೆ ರುಬ್ಬುವ ಕೆಲಸ ನನ್ನದು. ಹಿತ್ತಿಲಿನ ಪುದೀನ, ಹಸಿ ಕೊತ್ತಂಬರಿ, ಕಾಯಿ ಎಲ್ಲ ಹಾಕಿದೆ. ಅವ್ವ ಹುರಿದಿಟ್ಟಿದ್ದ ಸೋಂಪನ್ನು ಮರೆತೆ. ಸೋಂಪಿಲ್ಲದ ಸಾರನ್ನು ಅಪ್ಪ ಮುಟ್ಟುತ್ತಲೇ ಇರಲಿಲ್ಲ. ಎಡೆ ಇಡುವ ಮುಂಚೆ ರುಚಿ ನೋಡುವಂತಿಲ್ಲವಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಎಡೆಗೆ ಕೈಮುಗಿದು ಉಣ್ಣಲು ಕೂತಾಗ ಅವ್ವನ ಮೊದಲ ತುತ್ತು ಬಾಯಲ್ಲೇ ನಿಂತಿತು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿ ಅಳತೊಡಗಿದೆ.

"ಬುಡು ಮಗ, ಅಳ್ಬ್ಯಾಡ. ಮುಂದಿನ ವರ್ಸ ಎಡೆಗೆ ನಿಮ್ಮಪ್ಪ ಬತ್ತಾರಲ್ಲ, ಆಗ ಎಲ್ಡು ಇಡಿ ಸೋಂಪು ಆಕಾನ" ಅಂದಳು. ಅಂದವಳು ತಾನು ಮಾತ್ರ ಉಣ್ಣದೆ ಎದ್ದುಹೋದಳು.

ಇವತ್ತಿನ ಎಡೆ ಅವ್ವನದು. ಈ ಸಲ ಸೋಂಪು ಮರೆತಿಲ್ಲ. ಆದರೆ ಅದು ಅಪ್ಪನ ಇಷ್ಟ. ಅವ್ವನಿಗೆ ಏನಿಷ್ಟ ಎಂದು, ಅವಳಿದ್ದಷ್ಟು ದಿನ ನಾನೊಮ್ಮೆಯೂ ಕೇಳಿರಲಿಲ್ಲ.