ಎರಡನೆಯ ಒಲೆಗೆ ಕೆಂಡ

ನಮ್ಮ ಬೀದಿಯಲ್ಲಿ ಮಣ್ಣಿನ ಒಲೆ ಕಟ್ಟುವವಳು ಒಬ್ಬಳೇ ಇದ್ದಳು. ಎಲ್ಲರೂ ಅವಳನ್ನು ಒಲೆಯಕ್ಕ ಎನ್ನುತ್ತಿದ್ದರು. ದಪ್ಪ ಮೂಳೆಯ, ಕಡಿಮೆ ಮಾತಿನ ಹೆಂಗಸು. ಮಣ್ಣು ತುಳಿದು ತುಳಿದು ಹಿಮ್ಮಡಿ ಬಿರುಕು ಬಿಟ್ಟಿತ್ತು. ಅವಳು ಕಟ್ಟಿದ ಒಲೆ ಹೊಗೆ ಉಗುಳುತ್ತಿರಲಿಲ್ಲ. ನಾನು ಅವಳನ್ನು ಹತ್ತಿರದಿಂದ ಮೊದಲು ನೋಡಿದ್ದು ಅವಳ ಸವತಿಯಾಗಲು ಅವಳ ಮನೆಗೆ ಹೋದ ದಿನ.

ಅವಳ ಗಂಡ ಮಂಡಿಯಲ್ಲಿ ಕಾಳು ತೂಗುತ್ತಿದ್ದ. ತಕ್ಕಡಿ ಎಂದೇ ಅವನ ಹೆಸರು. ನನ್ನ ಅಣ್ಣ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ತಕ್ಕಡಿಗೆ ಮಕ್ಕಳಿಲ್ಲವೆಂದಲ್ಲ, ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದಾಗ ಅವನಿಗೂ ಎರಡು ಒಲೆಯ ಮನೆ ಬೇಕೆನಿಸಿತು. ಎರಡು ಒಲೆಯ ಯಜಮಾನ ಎಂದರೆ ಮಂಡಿಯಲ್ಲಿ ಕೂರಲು ಜಾಗ ಬಿಡುತ್ತಿದ್ದರು.

ನಮ್ಮವರಲ್ಲಿ ಎರಡನೆಯ ಮದುವೆಗೆ ಇದ್ದದ್ದು ಒಂದೇ ಶಾಸ್ತ್ರ. ಹೊಸಬಳಿಗೆ ಬೇರೆ ಒಲೆ ಕಟ್ಟಿಸಬೇಕು. ಅದು ಒಣಗಿದ ಮೇಲೆ ಹಿರಿಯಳು ತನ್ನ ಒಲೆಯ ಕೆಂಡವನ್ನು ತಂದು ಅದರೊಳಗೆ ಹಾಕಬೇಕು. ಕೆಂಡ ಬಿದ್ದರೆ ಹೆಂಡತಿ, ಬೀಳದಿದ್ದರೆ ಅವಳು ಬಂದ ದಾರಿ ಹಿಡಿಯಬೇಕು. ನನಗಂತೂ ಹಿಂದಿರುಗುವ ದಾರಿ ಇರಲಿಲ್ಲ. ನಾನು ಅಣ್ಣನ ಮನೆಯ ಹೊಸಿಲು ದಾಟುವ ಮೊದಲೇ ಅತ್ತಿಗೆ ನನ್ನ ಚಾಪೆಯ ಜಾಗಕ್ಕೆ ಹಿಟ್ಟಿನ ಡಬ್ಬ ತಂದಿಟ್ಟಿದ್ದಳು.

ನಾನು ಗಂಟು ಹಿಡಿದು ಅಂಗಳದಲ್ಲಿ ನಿಂತಾಗ ಒಲೆಯಕ್ಕ ಮಣ್ಣಿಗೆ ಹೊಟ್ಟು ಬೆರೆಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಗಂಟನ್ನು ನೋಡಿದಳು.

"ಕೈ ಚಾಚು," ಎಂದಳು.

ಹೊಡೆಯುತ್ತಾಳೇನೋ ಎಂದುಕೊಂಡೆ. ಅವಳು ಒಂದು ಕೋಲು ತಂದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟು ಉಗುರಿನಲ್ಲಿ ಗೀರಿದಳು. ಒಲೆಯ ಆಳ ಅಡುಗೆ ಮಾಡುವವಳ ಕೈ ಅಳತೆಗೆ ಇರಬೇಕಂತೆ. ಹೆಚ್ಚಾದರೆ ಸೌದೆ ತಳ್ಳಲು ಬಗ್ಗಬೇಕು, ಕಡಿಮೆಯಾದರೆ ಉರಿ ಮುಖಕ್ಕೆ ಬರುತ್ತದೆ. ಮತ್ತೆ ನನ್ನನ್ನು ಕುಕ್ಕರುಗಾಲಿನಲ್ಲಿ ಕೂರಿಸಿ ಮೊಣಕಾಲಿನ ಎತ್ತರ ಅಳೆದಳು. ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು.

"ನಾನು ಒಪ್ಪಿದೀನಿ ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ಅವರೇ ಹೇಳಿದ್ರು, ಅಣ್ಣನ ಮುಂದೆ. ಅಕ್ಕ ಒಪ್ಪಿದಾಳೆ, ಒಲೇನೂ ಅವಳೇ ಕಟ್ತಾಳೆ ಅಂತ."

ಕೋಲು ಅವಳ ಕೈಯಲ್ಲಿ ಹಾಗೇ ನಿಂತಿತು. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

"ಕೊನೇ ಮಾತಾದ್ರೂ ನಿಜ ಆಗ್ಲಿ," ಎಂದು ಅವಳು ಮಣ್ಣಿಗೆ ಇಳಿದಳು.

ಅಂಗಳದ ಮೂಲೆಯಲ್ಲಿ, ಮಾಡಿನ ಕೆಳಗೆ, ನನ್ನ ಒಲೆ ಎದ್ದಿತು. ಬೇರೆಯವರ ಮನೆಗೆ ಕಟ್ಟುವಷ್ಟೇ ಅಚ್ಚುಕಟ್ಟಾಗಿ ಕಟ್ಟಿದಳು. ಪಾತ್ರೆ ಕೂರುವ ಮೂರು ಗುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ನಯ ಮಾಡಿದಳು. ಅದನ್ನು ನೋಡಿದಷ್ಟೂ ನನಗೆ ಭಯ ಹೆಚ್ಚಿತು. ಬೈದಿದ್ದರೆ ಇವಳ ಮನಸ್ಸು ತಿಳಿಯುತ್ತಿತ್ತು.

ಒಲೆ ಒಣಗುವವರೆಗೆ ನಾನು ಮಣ್ಣಿನ ಕೊಟ್ಟಿಗೆಯಲ್ಲಿ ಮಲಗಿದೆ. ಹಗಲು ಅವಳ ಜೊತೆ ಮಣ್ಣು ತುಳಿದೆ. ಅಕ್ಕಪಕ್ಕದ ಹೆಂಗಸರು ಬೆಂಕಿ ಕೇಳುವ ನೆಪದಲ್ಲಿ ಬಂದು ನನ್ನನ್ನು ನೋಡಿ ಹೋಗುತ್ತಿದ್ದರು. ಊರೂರು ಸುತ್ತಿ ಸೀರೆ ಮಾರುವವಳೊಬ್ಬಳು ಬಂದು ಗಂಟು ಬಿಚ್ಚಿ ಕೂತಳು.

"ನಾನು ಕಂಡ ಒಂದೂರಲ್ಲಿ ಹಿರೀ ಹೆಂಡ್ತೀನೇ ಹೋಗಿ ಕಿರಿಯಳನ್ನ ಆರಿಸ್ಕೊಂಡು ಬರ್ತಾಳೆ, ಸೀರೆ ಆರಿಸ್ದಂಗೆ. ಇನ್ನೊಂದು ಕಡೆ ಒಬ್ಬೊಬ್ಬಳಿಗೆ ಒಂದೊಂದು ಗುಡಿಸಲು. ಗಂಡನೇ ತಟ್ಟೆ ಹಿಡ್ಕೊಂಡು ಸುತ್ತಬೇಕು."

"ಒಬ್ಬಳಿಗೆ ಇಬ್ಬರು ಗಂಡಂದಿರೋ ಊರು ಇಲ್ವೇನೇ?" ಎಂದು ಪಕ್ಕದ ಮನೆಯವಳು ಕೇಳಿದಳು.

"ಇದೆ ಕಣೇ. ಬೆಟ್ಟದ ಮೇಲೆ, ಅಣ್ಣತಮ್ಮಂದಿರು ಸೇರಿ ಒಬ್ಬಳನ್ನೇ ಮದುವೆಯಾಗ್ತಾರಂತೆ."

"ಅಯ್ಯೋ, ಒಬ್ಬನ ಗೊರಕೆನೇ ಸಾಕಾಗಿದೆ ತಾಯಿ!"

ಎಲ್ಲರೂ ನಕ್ಕರು. ಒಲೆಯಕ್ಕ ನಗಲಿಲ್ಲ. "ಆ ಊರುಗಳಲ್ಲಿ ಬರೋ ಹುಡುಗೀನ ಯಾರಾದ್ರೂ ಕೇಳ್ತಾರಾ?" ಎಂದಳು. ಸೀರೆಯವಳು ಗಂಟು ಕಟ್ಟುತ್ತಾ, "ಅದನ್ನ ನಾನು ವಿಚಾರಿಸ್ಲಿಲ್ಲಮ್ಮ," ಎಂದಳು.

ತಕ್ಕಡಿ ದಿನಾ ಬಂದು ಒಲೆಯ ಮೈ ಮುಟ್ಟಿ ನೋಡುತ್ತಿದ್ದ. "ಇನ್ನೂ ಒಣಗಿಲ್ವಾ? ಎರಡು ತಟ್ಟೇನೂ ಸಮ ತೂಗ್ತೀನಿ ಕಣೇ, ನಿಂಗ್ಯಾಕೆ ಚಿಂತೆ?"

"ಅವಸರ ಮಾಡಿದ್ರೆ ಸೀಳು ಬಿಡುತ್ತೆ," ಎನ್ನುತ್ತಿದ್ದಳು ಒಲೆಯಕ್ಕ. ಅದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ.

ಕೊನೆಗೆ ಅವಳು ಒಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಮಡಕೆಯ ಹಾಗೆ ಸದ್ದು ಬಂತು. ಮರುದಿನ ಬೆಳಿಗ್ಗೆ ಅಂಗಳ ತುಂಬ ಜನ. ಬೀದಿಯ ಹಿರಿಯ ಮಣೆಯ ಮೇಲೆ ಕೂತಿದ್ದ. ಅಣ್ಣ ಗೋಡೆಗೆ ಒರಗಿದ್ದ. ನನ್ನನ್ನು ಹೊಸ ಒಲೆಯ ಮುಂದೆ ಕೂರಿಸಿದರು. ತಕ್ಕಡಿ ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದಿದ್ದ.

ಒಲೆಯಕ್ಕ ಒಳಗಿನಿಂದ ಕಬ್ಬಿಣದ ಸೌಟಿನಲ್ಲಿ ಕೆಂಡ ತಂದಳು. ಸೌಟಿಗೆ ಮರದ ಹಿಡಿ ಇರಲಿಲ್ಲ. ಸೆರಗನ್ನೂ ಸುತ್ತಿಕೊಂಡಿರಲಿಲ್ಲ. ಒಲೆಯ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಳು.

"ನಿಂಗೆ ಬೇಕಾ?" ಎಂದು ನನ್ನನ್ನು ಕೇಳಿದಳು.

ನಾನು ಅಣ್ಣನ ಕಡೆ ನೋಡಿದೆ. ಅಣ್ಣ ಕೆಮ್ಮಿದ. ತಕ್ಕಡಿ, "ಅವಳನ್ನೇನು ಕೇಳೋದು? ಹಾಕು ನೀನು," ಎಂದ.

"ಸುಮ್ನಿರಯ್ಯ," ಎಂದ ಹಿರಿಯ. "ಕೆಂಡ ಅವಳ ಕೈಲಿದೆ. ಕೆಳಗಿಳಿಯೋವರೆಗೂ ಮಾತು ಅವಳದು."

ನನ್ನ ಕಣ್ಣ ಮುಂದೆ ಅತ್ತಿಗೆಯ ಹಿಟ್ಟಿನ ಡಬ್ಬ ಬಂತು. ಬೇಕು ಎಂದರೆ ಒಲೆ ಇದೆ, ಸೂರು ಇದೆ. ಬೇಡ ಎಂದರೆ ಬೀದಿ. ಸೌಟಿನ ಕಾವು ಹಿಡಿಗೆ ಏರುತ್ತಿತ್ತು. ಅವಳ ಹಣೆಯಲ್ಲಿ ಬೆವರು ಮೂಡಿತು. ಕೈ ಮಾತ್ರ ಅಲುಗಲಿಲ್ಲ.

"ಬೇಗ ಹೇಳು ಮಗಳೇ. ಸುಡ್ತಾ ಇದೆ."

ಮಗಳೇ ಎಂದಳು. ಆಗ ನನಗೆ ಮಾತು ಬಂತು.

"ಒಲೆ ಬೇಕು ಅಕ್ಕ. ಮದುವೆ ಬೇಡ."

ಯಾರೋ ಕಿಸಕ್ಕನೆ ನಕ್ಕರು. ಒಲೆಯಕ್ಕ ತಿರುಗಿ ಕೆಂಡವನ್ನು ನೀರಿನ ಬಾನಿಗೆ ಸುರಿದಳು. ಚೊಂಯ್ ಎಂದು ಹಬೆ ಎದ್ದಿತು. ಸೌಟು ನೆಲಕ್ಕೆ ಬಿತ್ತು.

ತಕ್ಕಡಿಯ ಮುಖ ಕೆಂಪಾಯಿತು. "ನನ್ನ ಅಂಗಳದಲ್ಲಿ ನಾಟಕನಾ? ಎದ್ದು ನಡಿ ಹೊರಗೆ!" ಎಂದು ನನ್ನ ಕಡೆ ಬಂದ.

ಒಲೆಯಕ್ಕ ನಡುವೆ ನಿಂತಳು. "ಅಂಗಳ ನಿಮ್ಮದೇ. ಮಣ್ಣು ನಂದು, ಕೆಲಸ ನಂದು. ಇವಳು ಇಷ್ಟು ದಿನ ನನ್ನ ಮಣ್ಣು ತುಳಿದಿದಾಳೆ, ಇನ್ನು ಮುಂದೆಯೂ ತುಳೀತಾಳೆ. ಬೇಡ ಅಂದ್ರೆ ಇಬ್ಬರೂ ಹೋಗ್ತೀವಿ. ಮಧ್ಯಾಹ್ನ ಊಟ ಎಲ್ಲಿ ಮಾಡ್ತೀರಿ, ಯೋಚಿಸಿ."

ಅವನು ಹಿರಿಯನ ಮುಖ ನೋಡಿದ.

"ಎರಡು ತಟ್ಟೆ ಹೋಗ್ಲಿ, ಇರೋ ಒಂದು ತಟ್ಟೆ ನೋಡ್ಕೋ ಮಾರಾಯ," ಎಂದ ಹಿರಿಯ. ಈಗ ಎಲ್ಲರೂ ಜೋರಾಗಿಯೇ ನಕ್ಕರು. ತಕ್ಕಡಿ ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದ. ಅಣ್ಣ ನನ್ನ ಕಡೆ ನೋಡದೆ ಅವನ ಹಿಂದೆಯೇ ಹೋದ.

ಒಲೆಯಕ್ಕ ಎಡಗೈಯಿಂದ ನನಗೆ ಬೆಂಕಿಪೊಟ್ಟಣ ಕೊಟ್ಟಳು. "ಕಡ್ಡಿ ಗೀರಿ ಹಚ್ಕೋ. ಆವಾಗ ಇದು ಯಾರ ಹೆಂಡ್ತಿ ಒಲೇನೂ ಅಲ್ಲ." ಬಲಗೈಯನ್ನು ಬಾನಿಯೊಳಗೆ ಅದ್ದಿ ಕೂತಳು. ಆ ದಿನ ಮೂವರ ಅಡುಗೆಯನ್ನೂ ನನ್ನ ಒಲೆಯಲ್ಲಿ ನಾನೇ ಮಾಡಿದೆ. ತಕ್ಕಡಿ ಊಟದ ಹೊತ್ತಿಗೆ ಬಂದು ಉಂಡು ಹೋದ. ಆಮೇಲೆ ಅವನು ನನ್ನನ್ನು ಮಣ್ಣಿನವಳು ಎಂದೇ ಕರೆದ, ಅದೂ ಗೋಡೆಯ ಕಡೆ ಮುಖ ಮಾಡಿ.

ಅವಳ ಅಂಗೈಗೆ ಅಡ್ಡಲಾಗಿ ಸೌಟಿನ ಬರೆ ಉಳಿಯಿತು. ಬಿಗಿಯಾಗಿ ಮುಷ್ಟಿ ಹಿಡಿಯಲು ಆಗದೆ ಗುಂಡುಗಳನ್ನು ನಯ ಮಾಡುವ ಕೆಲಸ ನನಗೆ ಬಿತ್ತು. ಹಾಗೆ ನಾನು ಕಸುಬು ಕಲಿತೆ. ನಾನು ಯಾವುದಕ್ಕಾದರೂ ಹಿಂದುಮುಂದು ನೋಡಿದರೆ ಅವಳು ಬಯ್ಯುತ್ತಿರಲಿಲ್ಲ, ಆ ಅಂಗೈಯನ್ನು ಎತ್ತಿ ತೋರಿಸುತ್ತಿದ್ದಳು.

ನಮಗೆ ಜೇಡಿಮಣ್ಣು ತಂದು ಹಾಕುವ ಗಾಡಿಯವನೊಬ್ಬ ಇದ್ದ. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ. ಒಂದು ದಿನ ಮಣ್ಣು ಸುರಿದವನು ಹೋಗದೆ ನಿಂತ. ಒಲೆಯಕ್ಕನಿಗೆ ಹೇಳುವಂತೆ ಹೇಳಿದರೂ ನೋಡಿದ್ದು ನನ್ನನ್ನು.

"ನನ್ನ ಮನೇಲಿ ಒಲೆ ಬಿದ್ದುಹೋಗಿದೆ. ಹೊಸದು ಕಟ್ಟಬೇಕು. ಇವಳ ಕೈ ಅಳತೆಗೆ."

ಒಲೆಯಕ್ಕ ಮಾಡಿನ ಸಂದಿಯಿಂದ ಉಗುರಿನ ಗೀರು ಇದ್ದ ಆ ಹಳೆಯ ಕೋಲನ್ನು ಎಳೆದು ಹೊರತೆಗೆದಳು. "ಒಂದೇ ಒಲೆ ತಾನೇ?" ಎಂದು ಅವನನ್ನು ಕೇಳಿದಳು.

"ಒಂದೇ ಅಕ್ಕ. ಎರಡನೇದು ಕೇಳಿದ್ರೆ ನನ್ನನ್ನೇ ಮಣ್ಣಲ್ಲಿ ತುಳೀತೀರಿ."

ಅವಳು ನನ್ನ ಕಡೆ ತಿರುಗಿದಳು. ನಾನು ಮಣ್ಣಿನ ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದು ಸುಮ್ಮನೆ ನಿಂತಿದ್ದೆ. ಅವಳು ಏನೂ ಕೇಳಲಿಲ್ಲ. ಬಲಗೈ ಎತ್ತಿ ಅಂಗೈ ತೋರಿಸಿದಳು.

"ಬೇಕು," ಎಂದೆ, ತಡ ಮಾಡದೆ.