ಮದುವೆ ಪರದೆಯ ಜೋಡಿ ಹಂಸ

ಗಂಗೀ, ನಿನ್ನ ಹಣೆಗೆ ಕುಂಕುಮ ಇಟ್ಟವಳು ನಾನು. ನೀನೇ ಇಟ್ಟುಕೊಂಡೆ ಎಂದು ಎಲ್ಲರೆದುರು ಹೇಳಿದವಳೂ ನಾನೇ.

ಮಾಗಡಿಯಲ್ಲಿ ಗಂಡನನ್ನು ಕಳೆದುಕೊಂಡು ನೀನು ಚನ್ನಪಟ್ಟಣಕ್ಕೆ, ನಿಮ್ಮಣ್ಣನೂ ನಾನೂ ಇದ್ದ ಮನೆಗೆ ಬಂದಾಗ ಇನ್ನೂ ಹುಡುಗಿ. ಆ ವರ್ಷ ಮೈಸೂರು ಅರಮನೆಯಲ್ಲಿ ಮದುವೆ. ಊರ ಹೆಂಗಸರೆಲ್ಲ ಸೇರಿ ರೇಷ್ಮೆ ಪರದೆಯೊಂದಕ್ಕೆ ಕಸೂತಿ ಹಾಕಿ ಕಾಣಿಕೆ ಕೊಡುವುದೆಂದಾಯಿತು. ಅಮಲ್ದಾರರ ಮನೆಯ ನಡುಮನೆಯಲ್ಲಿ ಪರದೆ ಹಾಸಿಕೊಂಡು ಒಬ್ಬೊಬ್ಬರೂ ಒಂದೊಂದು ಕಡೆ ಕೂರುತ್ತಿದ್ದೆವು. ನಾನು ಹಾಕಿದ ಗಿಣಿಯನ್ನು ಕೋಳಿ ಎಂದು ಎಲ್ಲರೂ ನಕ್ಕರು. ಅದಕ್ಕೇ ನಿನ್ನನ್ನು ಕರೆದುಕೊಂಡು ಹೋದೆ — ಕರುಣೆಯಿಂದಲ್ಲ, ನನ್ನ ಪಾಲಿನ ಕೆಲಸ ಮುಗಿಯಲಿ ಎಂದು. ಮದುವೆಯ ಪರದೆಯನ್ನು ವಿಧವೆ ಮುಟ್ಟುವಂತಿರಲಿಲ್ಲ; ನೀನು ಗಂಡನನ್ನು ಕಳೆದುಕೊಂಡದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ನಿಲ್ಲಿಸಿ ನಾನೇ ಕುಂಕುಮ ಇಡುತ್ತಿದ್ದೆ, ಹಿಂತಿರುಗುವಾಗ ನಾನೇ ಒರೆಸುತ್ತಿದ್ದೆ. "ಅತ್ಗೆ, ಒಸಿ ಹೊತ್ತು ಇರ್ಲಿ," ಎಂದು ನೀನು ಒಮ್ಮೆ ಬೇಡಿದೆ. ಆಗಲೂ ಒರೆಸಿದೆ.

ನಿನ್ನ ಜೋಡಿ ಹಂಸ ಮುಗಿದ ದಿನ ಅಮಲ್ದಾರರ ಹೆಂಡತಿ ನಿನ್ನ ಗಲ್ಲ ಹಿಡಿದು, "ಇಡೀ ಪರದೇಲಿ ಕಣ್ಣು ನಿಲ್ಲೋದು ಇಲ್ಲೇ. ಅರಮನೆಗೆ ನನ್ನ ಜೊತೆ ನೀನೇ ಬರಬೇಕಮ್ಮ," ಎಂದರು. ನನ್ನತ್ತ ಯಾರೂ ನೋಡಲಿಲ್ಲ. ಅಷ್ಟೇ ಸಾಕಾಯಿತು.

"ಇವ್ಳು ಗಂಡ ಸತ್ತೋಳು ಕಣ್ರವ್ವಾ. ನಾ ಬ್ಯಾಡ ಅಂದ್ರೂ ಕೇಳ್ದೆ ಕುಂಕುಮ ಇಟ್ಕೊಂಡ್ ಬತ್ತಾಳೆ," ಎಂದೆ.

ಅಮಲ್ದಾರರ ಹೆಂಡತಿ ದನಿ ತಗ್ಗಿಸಿ, "ಯಾರಿಗೆ ಗೊತ್ತಾಗುತ್ತೆ, ಹೋಗಲಿ ಬಿಡಿ," ಎಂದರು. ಬಿಡದವಳು ನಾನು. ಕತ್ತರಿಯನ್ನು ನಿನ್ನ ಕೈಗೇ ಕೊಟ್ಟೆ. ಎಲ್ಲರೆದುರು ನೀನು ಹಂಸಗಳ ಎಳೆ ಎಳೆಯನ್ನೂ ಕತ್ತರಿಸಿ ಕಿತ್ತೆ, ಬಟ್ಟೆ ಹರಿಯದ ಹಾಗೆ, ಅಷ್ಟು ಜೋಪಾನವಾಗಿ. ನಮಗೆ ಬಣ್ಣದ ನೂಲು ತಂದುಕೊಡುತ್ತಿದ್ದ ಹಾಜಿರಾಬಿ ಒಬ್ಬಳೇ ಎದ್ದು ಹೊರಟುಹೋದಳು.

ಮನೆಗೆ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. "ಅತ್ಗೆ, ನೀವೇ ಅಲ್ವಾ..." ಎನ್ನುವಷ್ಟರಲ್ಲಿ ನಿಮ್ಮಣ್ಣನ ಏಟು ಬಿತ್ತು. ನೀನು ನನ್ನನ್ನೇ ನೋಡಿದೆ. ನಾನು ಒಲೆಯ ಕಡೆ ತಿರುಗಿದೆ. ಮರುದಿನವೇ ನಿನ್ನನ್ನು ಮಾಗಡಿಯ ಗಾಡಿ ಹತ್ತಿಸಿದರು, ನಿನ್ನನ್ನು ತೊತ್ತಿನಂತೆ ದುಡಿಸಿಕೊಂಡ ಅದೇ ಅತ್ತೆಮನೆಗೆ. ಹಂಸಗಳಿದ್ದ ಜಾಗದಲ್ಲಿ ಬೇರೆಯವರು ಬಳ್ಳಿ ತುಂಬಿದರು. ಅರಮನೆಗೆ ನಿನ್ನ ಬದಲು ನಾನು ಹೋಗಿ ಬಂದೆ.

ಇಷ್ಟೇ ಆಗಿದ್ದರೆ ಎಳೆತನ ಎನ್ನಬಹುದಿತ್ತೇನೋ. ಆದರೆ ಹೋದ ವರ್ಷ ನಿಮ್ಮಣ್ಣ ಹಾಸಿಗೆ ಹಿಡಿದಾಗ, "ಗಂಗೀನ ಕರೆಸು, ಒಂದ್ ಸಲ ನೋಡ್ಬೇಕು," ಎಂದರು. ನಾನು ಯಾರನ್ನೂ ಕಳಿಸಲಿಲ್ಲ. ನೀನು ಬಂದರೆ ನಿಜ ಹೇಳಿಬಿಡುವೆ — ಆ ಭಯ. "ಬರಾಕಿಲ್ಲ ಅಂದ್ಲಂತೆ," ಎಂದೆ. ಅವರು ಗೋಡೆಯ ಕಡೆ ಹೊರಳಿದರು. ಮತ್ತೆ ನಿನ್ನ ಹೆಸರೆತ್ತಲಿಲ್ಲ. ಹಾಗೆಯೇ ಹೋದರು.

ನಾಳೆ ಮಾಗಡಿಗೆ ಬರುತ್ತಿದ್ದೇನೆ. ಕ್ಷಮಿಸು ಎಂದು ಕೇಳಲಿಕ್ಕಲ್ಲ. ನಿನ್ನ ಅತ್ತೆಮನೆಯ ಬಾಗಿಲಲ್ಲಿ, ಕೇರಿಯವರೆಲ್ಲ ಕೇಳುವಂತೆ ಇದನ್ನೇ ಹೇಳುತ್ತೇನೆ. ನೀನು ಒಳಗೆ ಕರೆಯಬೇಡ.